ಬಲಭಾಗದಲ್ಲಿ ಸೊನ್ನೆಯೇ ಏಕೆ ಇರಬೇಕು?

ಪ್ರಶ್ನೆ:
ಅಪವರ್ತನಗಳ ರೂಪದಲ್ಲಿರುವ ವರ್ಗಸಮೀಕರಣವನ್ನು ಬಿಡಿಸುವಾಗ ಪ್ರತಿಯೊಂದು ಆವರಣವನ್ನೂ ಸೊನ್ನೆಗೆ ಸಮ ಎಂದು ಬರೆಯಬೇಕೆಂದು ಕಲಿತಿದ್ದೇನೆ. ಅದೇ ಕ್ರಮವನ್ನು ಅನುಸರಿಸಿ (ಕ್ಷ − 3)(ಕ್ಷ + 2) = 6 ಎಂಬ ಲೆಕ್ಕದಲ್ಲಿ ಎರಡೂ ಆವರಣಗಳನ್ನು 6ಕ್ಕೆ ಸಮ ಎಂದು ಬರೆದಾಗ 9 ಮತ್ತು 4 ಎಂಬ ಬೆಲೆಗಳು ದೊರೆತವು. ತಾಳೆ ನೋಡಿದರೆ 9 ಹೊಂದುವುದಿಲ್ಲ, ಆದರೆ 4 ಹೊಂದುತ್ತದೆ. ಕ್ರಮವೇ ತಪ್ಪಾಗಿದ್ದರೆ ಒಂದು ಉತ್ತರ ಮಾತ್ರ ಸರಿಬಂದದ್ದು ಹೇಗೆ?

ಉತ್ತರ 1:
ಕ್ರಮ ತಪ್ಪು, 4 ಸರಿಬಂದದ್ದು ಕೇವಲ ಆಕಸ್ಮಿಕ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು, ಮತ್ತು ಈ ಗುಣ ಸೊನ್ನೆಗಲ್ಲದೆ ಬೇರೆ ಯಾವ ಸಂಖ್ಯೆಗೂ ಇಲ್ಲ. ಗುಣಲಬ್ಧ 6 ಎಂದಷ್ಟೇ ತಿಳಿದಿದ್ದರೆ ಆ ಸಂಖ್ಯೆಗಳು 2 ಮತ್ತು 3 ಆಗಿರಬಹುದು, −6 ಮತ್ತು −1 ಆಗಿರಬಹುದು, ½ ಮತ್ತು 12 ಕೂಡ ಆಗಿರಬಹುದು. ಹಾಗಾಗಿ ಯಾವ ಆವರಣದ ಬೆಲೆಯನ್ನೂ ಬಿಡಿಯಾಗಿ ನಿಶ್ಚಯಿಸಲಾಗದು. ಕ್ಷ = 4 ಆದಾಗ ಎರಡನೆಯ ಆವರಣ 6 ಆಗುವುದರ ಜೊತೆಗೆ ಮೊದಲನೆಯದು ಅದೃಷ್ಟವಶಾತ್ 1 ಆಗುತ್ತದೆ, ಮತ್ತು ಆ 1 ನಿಮ್ಮ ತಪ್ಪನ್ನು ಮರೆಮಾಡಿದೆ. ಆವರಣಗಳನ್ನು ಗುಣಿಸಿ 6ನ್ನು ಎಡಭಾಗಕ್ಕೆ ತಂದರೆ ಕ್ಷ² − ಕ್ಷ − 12 = 0, ಅಂದರೆ (ಕ್ಷ − 4)(ಕ್ಷ + 3) = 0 ಎಂದಾಗುತ್ತದೆ. ಮೂಲಗಳು 4 ಮತ್ತು −3.

ಉತ್ತರ 2:
ಇದಕ್ಕೆ ತದ್ವಿರುದ್ಧವಾದ ತಪ್ಪೊಂದಿದೆ. ಮೇಲಿನದು ಇಲ್ಲದ ಮೂಲವನ್ನು ತಂದರೆ ಇದು ಇರುವ ಮೂಲವನ್ನೇ ಕಳೆಯುತ್ತದೆ. ಕ್ಷ² = 5ಕ್ಷ ಎಂಬಲ್ಲಿ ಎರಡೂ ಕಡೆ ಕ್ಷದಿಂದ ಭಾಗಿಸಿ 5 ಎಂದು ಮುಗಿಸುವವರು ಸೊನ್ನೆಯಿಂದ ಭಾಗಿಸುವಂತಿಲ್ಲ ಎಂಬುದನ್ನು ಮರೆತಿರುತ್ತಾರೆ. ಕ್ಷ(ಕ್ಷ − 5) = 0 ಎಂದು ಬರೆದರೆ 0 ಮತ್ತು 5 ಎರಡೂ ಉಳಿಯುತ್ತವೆ.

ಪ್ರಶ್ನೆ ಕೇಳಿದವರು:
−3ನ್ನು ಹಾಕಿ ನೋಡಿದೆ. −6 ಮತ್ತು −1ರ ಗುಣಲಬ್ಧ 6 ಬರುತ್ತದೆ. ಧನ್ಯವಾದಗಳು. ಸೊನ್ನೆಯ ಈ ನಿಯಮ ಎಲ್ಲೆಡೆಯೂ ಸತ್ಯವೇ?

ಉತ್ತರ 3:
ನಾವು ದಿನವೂ ಬಳಸುವ ಸಂಖ್ಯೆಗಳಲ್ಲಿ ಸತ್ಯ, ಆದರೆ ಎಲ್ಲೆಡೆ ಅಲ್ಲ. 6ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಗಣಿತದಲ್ಲಿ 2 ಮತ್ತು 3ರ ಗುಣಲಬ್ಧವೇ ಸೊನ್ನೆ. ಅಲ್ಲಿ (ಕ್ಷ − 2)(ಕ್ಷ − 3) = 0 ಎಂಬ ವರ್ಗಸಮೀಕರಣಕ್ಕೆ 2 ಮತ್ತು 3ರ ಜೊತೆಗೆ 0 ಮತ್ತು 5 ಕೂಡ ಸೇರಿ ನಾಲ್ಕು ಮೂಲಗಳಿವೆ.