ಅಪ್‌ಡೇಟ್: ನ್ಯೂಜಿಲ್ಯಾಂಡ್‌ನ ಎಸಿಸಿ ಕ್ಲೇಮ್

ಭಾನುವಾರ ಮನೆಯಲ್ಲಿ ಬಿದ್ದು ಭುಜಕ್ಕೆ ಪೆಟ್ಟಾದರೆ ಎಸಿಸಿ (ಅಪಘಾತದಲ್ಲಿ ಪೆಟ್ಟಾದವರಿಗೆ ನೆರವಾಗುವ ಅಲ್ಲಿನ ಸರ್ಕಾರಿ ವಿಮೆ) ಸಂಬಳ ಕೊಡುತ್ತದಾ ಎಂದು ಕೇಳಿದ್ದೆ. ಕೊಡುತ್ತದೆ. ತಪ್ಪು ಯಾರದೆಂದು ನೋಡುವುದಿಲ್ಲ, 1974ರಿಂದಲೂ ಹಾಗೇ.

ಮೊದಲ ವಾರಕ್ಕೆ ಮಾತ್ರ ಎಸಿಸಿ ದುಡ್ಡಿಲ್ಲ. ಕೆಲಸದಲ್ಲಿ ಪೆಟ್ಟಾಗಿದ್ದರೆ ಆ ವಾರದ 80% ಮಾಲೀಕರೇ ಕೊಡಬೇಕು, ಮನೆಯಲ್ಲಾದರೆ ನಮ್ಮ ಸಿಕ್ ಲೀವ್ ಹಾಕಬೇಕು. ಆಮೇಲೆ ಎಸಿಸಿಯಿಂದ ಸಂಬಳದ 80%.

ಎಡವುವುದು ಸರ್ಟಿಫಿಕೇಟ್‌ನಲ್ಲಿ. ಫಿಸಿಯೋಥೆರಪಿಸ್ಟ್ ಕೂಡ ನಮ್ಮ ಪರವಾಗಿ ಕ್ಲೇಮ್ ಹಾಕಬಹುದು, ಆದರೆ ಕೆಲಸಕ್ಕೆ ಹೋಗಲಾಗದು ಅಂತ ಬರೆದುಕೊಡಬೇಕಾದವರು ಡಾಕ್ಟರ್ ಅಥವಾ ನರ್ಸ್ ಪ್ರಾಕ್ಟೀಷನರ್ (ಚಿಕಿತ್ಸೆ ಕೊಡುವ, ಔಷಧಿ ಬರೆಯುವ ಅಧಿಕಾರವಿರುವ ಹಿರಿಯ ನರ್ಸ್). ಅವಧಿ ಮುಗಿಯುವ ಮುಂಚೆಯೇ ಹೊಸದು ಮಾಡಿಸಿಕೊಳ್ಳಿ, ಮಧ್ಯೆ ಅಂತರ ಬಿದ್ದರೆ ದುಡ್ಡು ನಿಲ್ಲುತ್ತದೆ.

ಇನ್ನೊಂದು, ಭುಜದ ವಿಷಯದಲ್ಲಂತೂ ಬಹಳ ಮುಖ್ಯ: ಬರೀ ‘ಭುಜ ನೋವು’ ಎಂದು ಬರೆಸಬೇಡಿ. ವಯಸ್ಸಿನ ಸವೆತ ಎಂದು ತಿರಸ್ಕರಿಸಿಬಿಡಬಹುದು. ‘ಒದ್ದೆ ಮೆಟ್ಟಿಲ ಮೇಲೆ ಜಾರಿ, ಚಾಚಿದ ಬಲಗೈ ಮೇಲೆ ಬಿದ್ದು, ಆ ಕ್ಷಣದಿಂದ ಕೈ ಎತ್ತಲಾಗುತ್ತಿಲ್ಲ’ — ತಾರೀಖಿನ ಸಮೇತ ಹೀಗಿರಲಿ. ಆದರೂ ತಿರಸ್ಕಾರವಾದರೆ 3 ತಿಂಗಳೊಳಗೆ ರಿವ್ಯೂ ಕೇಳಬಹುದು. ಸ್ಕ್ಯಾನ್ ರಿಪೋರ್ಟ್ ಜೊತೆಗೆ, ಸವೆತಕ್ಕೂ ಈ ಪೆಟ್ಟಿಗೂ ವ್ಯತ್ಯಾಸ ಬಿಡಿಸಿ ಹೇಳುವ ತಜ್ಞರ ಪತ್ರವನ್ನೂ ಇಡಿ.