ಓದುಗರ ಸ್ಪಂದನ: ಹೃದಯ ಸರಿಯಾಗಿದೆ, ಎದೆನೋವು ಮಾತ್ರ ಬಿಡುತ್ತಿಲ್ಲ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 38 ವರ್ಷ, ಊರು ಹಾಸನ. ಆಗಾಗ ಎದೆಯ ಎಡಬದಿಯಲ್ಲಿ ಸಣ್ಣಗೆ ನೋವು ಕಾಣಿಸಿಕೊಳ್ಳುತ್ತದೆ. ಹೃದಯದ ಪರೀಕ್ಷೆಗಳಾದ ಇಸಿಜಿ, ಎಕೋ, ಟಿಎಂಟಿ ಮಾಡಿಸಿದ್ದೇನೆ, ಎಲ್ಲವೂ ನಾರ್ಮಲ್. ವೈದ್ಯರು ಹೆದರಬೇಡಿ ಎನ್ನುತ್ತಾರೆ, ಮನೆಯವರು ಭ್ರಮೆ ಎನ್ನುತ್ತಾರೆ. ನೋವು ಮಾತ್ರ ಮತ್ತೆ ಮತ್ತೆ ಬರುತ್ತಿದೆ. ಏನು ಮಾಡಲಿ?

*

ಸಹೋದರರೇ, ನಿಮ್ಮ ನೋವು ಭ್ರಮೆಯಲ್ಲ. ಎದೆಗೂಡಿನಲ್ಲಿ ಹೃದಯ ಒಂದೇ ಇರುವುದಿಲ್ಲ. ಮೂಳೆ, ಮಾಂಸಖಂಡ, ಅನ್ನನಾಳ ಎಲ್ಲವೂ ನೋಯಬಲ್ಲವು. ನಾನು ಹೊಲಿಗೆ ಕೆಲಸದವಳು. ಹಗಲೆಲ್ಲ ಬೆನ್ನು ಬಗ್ಗಿಸಿ ಕೂರುವ ನನಗೂ ಹೀಗೆಯೇ ಚುಚ್ಚುತ್ತಿತ್ತು. ಇಸಿಜಿ ಸರಿಯಿತ್ತು. ಕೊನೆಗೆ ನಮ್ಮ ಬಡಾವಣೆಯ ವೈದ್ಯೆ ಪಕ್ಕೆಲುಬು ಎದೆಮೂಳೆಯನ್ನು ಸೇರುವ ಜಾಗವನ್ನು ಬೆರಳಿನಿಂದ ಒತ್ತಿದರು. ಅದೇ ನೋವು, ಅದೇ ಜಾಗ! ಅಲ್ಲಿನ ಮೃದು ಎಲುಬಿಗೆ ಉರಿಯೂತವಾಗಿದೆ, ಇದಕ್ಕೆ ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ ಎಂದರು. ಭಾರ ಎತ್ತಿದಾಗ, ಪಕ್ಕಕ್ಕೆ ತಿರುಗಿದಾಗ, ಜೋರಾಗಿ ಕೆಮ್ಮಿದಾಗ ಹೆಚ್ಚಾಗುತ್ತದೆ. ಬಿಸಿ ಶಾಖ, ಕೂರುವ ಭಂಗಿಯಲ್ಲಿ ಬದಲಾವಣೆ, ಕೆಲವು ವಾರಗಳ ತಾಳ್ಮೆ, ಇಷ್ಟರಲ್ಲೇ ನನಗೆ ಇಳಿಯಿತು. ಒತ್ತಿದರೆ ನೋಯುತ್ತದೆ ಎಂದ ಮಾತ್ರಕ್ಕೆ ಹೃದಯದ್ದಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಹೃದಯದ ಪರೀಕ್ಷೆ ಹೇಗೂ ಮುಗಿದಿದೆ, ಇನ್ನು ಇದನ್ನೂ ನೋಡಿ ಎಂದು ನಿಮ್ಮ ವೈದ್ಯರನ್ನು ಕೇಳಿ.
– ಓದುಗಿ, ಮೈಸೂರು

*

ನಲವತ್ತರ ಆಸುಪಾಸಿನವರ ಇಂತಹ ನೋವಿನಲ್ಲಿ ನಾನು ಮೊದಲು ಅನುಮಾನಿಸುವುದು ಹೊಟ್ಟೆಯನ್ನು. ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುತ್ತದೆ. ಎರಡರ ನೋವಿನ ಸುದ್ದಿಯೂ ಮಿದುಳಿಗೆ ಹೆಚ್ಚುಕಡಿಮೆ ಒಂದೇ ನರಮಾರ್ಗದಲ್ಲಿ ತಲುಪುವುದರಿಂದ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಆಮ್ಲ ಮೇಲಕ್ಕೆ ಬಂದರೆ ಎದೆಯಲ್ಲೇ ಉರಿ, ಎದೆಯಲ್ಲೇ ಹಿಡಿತ. ಊಟವಾದ ಮೇಲೆ, ಬಗ್ಗಿದಾಗ, ಮಲಗಿದಾಗ ನೋವು ಹೆಚ್ಚುತ್ತದೆಯೇ ಗಮನಿಸಿ. ರಾತ್ರಿಯೂಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬಿಡಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಅರ್ಧ ಅಡಿ ಎತ್ತರದ ಮರದ ತುಂಡು ಕೊಡಿ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ನೋಯುತ್ತದೆಯೇ ಹೊರತು ಉಪಯೋಗವಿಲ್ಲ. ಎಡಮಗ್ಗುಲಿಗೆ ಮಲಗಿ. ಕಾಫಿ, ಕರಿದ ತಿಂಡಿ, ಸಿಗರೇಟು ಕಡಿಮೆಯಾಗಲಿ. ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಇಂದೇ ಬಿಡಿ. ನುಂಗಲು ಕಷ್ಟವಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ಮಾತ್ರ ಮನೆಮದ್ದನ್ನೇ ನಂಬಿ ಕೂರಬೇಡಿ. ಎಂಡೋಸ್ಕೋಪಿಯ ಬಗ್ಗೆ ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ನಮ್ಮ ಜನ ಎದೆಯಲ್ಲಿ ಏನಾದರೂ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುತ್ತಾರೆ. ನಿಜವಾದ ಹೃದಯಾಘಾತವನ್ನೂ ಹೀಗೆ ಕಡೆಗಣಿಸಿದವರನ್ನು ವಾರ್ಡಿನಲ್ಲಿ ಕಂಡಿದ್ದೇನೆ. ನೀವು ಮೊದಲು ಹೃದಯವನ್ನು ಪರೀಕ್ಷಿಸಿಕೊಂಡಿರಿ, ಆಮೇಲೆ ಹೊಟ್ಟೆಗೆ ಬಂದಿರಿ. ಸರಿಯಾದ ದಾರಿ ಅದೇ.
– ನಿವೃತ್ತ ಶುಶ್ರೂಷಕಿ, ಶಿವಮೊಗ್ಗ

*

ನಾನೂ ಹಾಸನದವನೇ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿದ್ದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ನಿಂತ ಜನಜಂಗುಳಿಯನ್ನು ನೀವೂ ನೋಡಿರುತ್ತೀರಿ. ಆ ಸಾಲಿನಲ್ಲಿ ನಾನೂ ಇದ್ದೆ. ವರದಿ ಕೈಗೆ ಬಂದ ಮೇಲೂ ನೋವು ಹೋಗಲಿಲ್ಲ. ಹೆದರಿಕೆಯಲ್ಲಿ ಉಸಿರು ಮೇಲೆ ಮೇಲೆ ಓಡುತ್ತದೆ, ಎದೆಯ ಸ್ನಾಯು ಬಿಗಿಯುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ; ಅದನ್ನು ಕಂಡು ಇನ್ನಷ್ಟು ಹೆದರಿಕೆ. ನಾಡಿ ಹಿಡಿದು ನೋಡುವ ಚಾಳಿಯನ್ನೂ ರಾತ್ರಿ ಮೊಬೈಲಿನಲ್ಲಿ ಹೃದಯಾಘಾತದ ವಿಡಿಯೊ ನೋಡುವುದನ್ನೂ ನಿಲ್ಲಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಿದರು, ಹಣ ಕೇಳಲಿಲ್ಲ. ನೋವು ಪೂರ್ತಿ ಹೋಗಿದೆ ಎನ್ನಲಾರೆ. ಬಂದರೂ ಈಗ ಕೆಲಸ ಬಿಟ್ಟು ಕೂರುವುದಿಲ್ಲ.
– ಓದುಗ, ಹಾಸನ

*

ಮೇಲಿನವರು ಏನು ಬರೆಯುತ್ತಾರೋ ಗೊತ್ತಿಲ್ಲ, ನನ್ನದು ಸ್ವಲ್ಪ ಕಟುವಾದ ಮಾತು. ನಾರ್ಮಲ್ ವರದಿ ಜೀವಮಾನದ ಪ್ರಮಾಣಪತ್ರವಲ್ಲ. ದೊಡ್ಡ ರಕ್ತನಾಳಗಳು ಸರಿಯಿದ್ದು ಹೃದಯದ ಸಣ್ಣ ನಾಳಗಳಲ್ಲಿ ತೊಂದರೆ ಇರುವುದುಂಟು, ಹೆಂಗಸರಲ್ಲಿ ಹೆಚ್ಚು. ನನ್ನಂತಹ ಮಧುಮೇಹಿಗಳಿಗೆ ಹೃದಯಾಘಾತದಲ್ಲೂ ನೋವು ಸ್ಪಷ್ಟವಾಗಿ ಗೊತ್ತಾಗದೆ ಇರಬಹುದು. ನಿಮ್ಮ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಷ್ಟಿದೆ ಎಂದು ನೀವು ಬರೆದೇ ಇಲ್ಲ! ಮೆಟ್ಟಿಲು ಹತ್ತಿದರೆ ಬಂದು, ನಿಂತರೆ ಇಳಿಯುವ ನೋವಾದರೆ ಹೃದ್ರೋಗ ತಜ್ಞರಿಗೆ ಮತ್ತೆ ತೋರಿಸಿ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಯಾರನ್ನೂ ಸಲಹೆ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಆಸ್ಪತ್ರೆಗೆ ಹೊರಡಬೇಡಿ.
– ಓದುಗ, ದಾವಣಗೆರೆ

*

ನಾನು ಬರೆಯುತ್ತಿರುವುದು ಸಮಸ್ಯೆ ಹೇಳಿಕೊಂಡವರ ಮನೆಯವರಿಗೆ. ನನ್ನ ಯಜಮಾನರಿಗೂ ಇದೇ ತೊಂದರೆ. ‘ಎಲ್ಲ ನಿಮ್ಮ ಮನಸ್ಸಿನದು’ ಎಂದಾಗಲೆಲ್ಲ ಅವರು ನೋವನ್ನು ಮುಚ್ಚಿಡತೊಡಗಿದರು, ಅದು ಇನ್ನೂ ಅಪಾಯ. ಈಗ ನೋವು ಬಂದಾಗ ಎಷ್ಟು ಗಂಟೆ, ಏನು ತಿಂದಿದ್ದರು, ಏನು ಮಾಡುತ್ತಿದ್ದರು, ಎಷ್ಟು ಹೊತ್ತಿತ್ತು ಎಂದು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡುತ್ತೇನೆ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅದನ್ನೇ ಒಯ್ಯುತ್ತೇವೆ.
– ಗೃಹಿಣಿ, ತುಮಕೂರು