ಕೂಟ ತಪ್ಪಿಸದಿದ್ದರೆ ಆತ್ಮಿಕವಾಗಿ ಬೆಳೆದಂತೆಯೇ?

ಮಂಡ್ಯ ಯುವಕೂಟ: ಎಲ್ಲರಿಗೂ ವಂದನೆ. ನಮ್ಮ ಹುಡುಗರು ಭಾನುವಾರದ ಆರಾಧನೆ, ಬುಧವಾರದ ವಾಕ್ಯಧ್ಯಾನ, ಶುಕ್ರವಾರದ ಉಪವಾಸ ಪ್ರಾರ್ಥನೆ ಯಾವುದನ್ನೂ ತಪ್ಪಿಸಲ್ಲ. ಆದರೂ ಹಾಡುವಾಗ ಮೈಕ್ ಯಾರ ಕೈಲಿರಬೇಕು ಅನ್ನೋದಕ್ಕೆ ಇಬ್ಬರು ಮಾತು ಬಿಟ್ಟಿದ್ದಾರೆ. ಇನ್ನೊಂದು ಕೂಟ ಸೇರಿಸೋಣ ಅಂತಾರೆ ಹಿರಿಯರು. ಪ್ರಯೋಜನವಿದೆಯೇ?

ವೇದಪಾಠ ಶಿಕ್ಷಕಿ, ಮೈಸೂರು: ನಾಲ್ಕನೇ ಕೂಟ ಬೇಡ ಬ್ರದರ್. ಬೈಬಲಿನಲ್ಲಿ ಅಪೊಸ್ತಲ ಪೌಲ ಪತ್ರ ಬರೆದ ಕೊರಿಂಥ ಸಭೆಯವರಿಗೆ ಯಾವ ಆತ್ಮಿಕ ವರದ ಕೊರತೆಯೂ ಇರಲಿಲ್ಲ (1 ಕೊರಿಂಥ 1:7). ಅದೇ ಪತ್ರದ 3ನೇ ಅಧ್ಯಾಯದಲ್ಲಿ ಪೌಲ ಅವರನ್ನು ಕೂಸುಗಳು ಅನ್ನುತ್ತಾನೆ. ಕಾರಣ ಹೊಟ್ಟೆಕಿಚ್ಚು, ಜಗಳ. ಇಬ್ರಿಯ 5:14ರ ಪ್ರಕಾರ ಗಟ್ಟಿ ಆಹಾರ, ಅಂದರೆ ಆಳವಾದ ಬೋಧನೆ, ಸಲ್ಲುವುದು ಅಭ್ಯಾಸದಿಂದ ಒಳ್ಳೆಯದು ಕೆಟ್ಟದ್ದರ ವಿವೇಚನೆ ಪಳಗಿಸಿಕೊಂಡವರಿಗೆ. ನಾಲೆಯಲ್ಲಿ ನೀರಿದ್ದರೆ ಸಾಲದು, ಬದು ಕಡಿದು ಗದ್ದೆಗೆ ತಿರುಗಿಸಬೇಕು.

ಬುಧವಾರದ ಕೂಟವನ್ನೇ ನಾಲ್ಕೈದು ಜನರ ಗುಂಪುಗಳಾಗಿ ಒಡೆಯಿರಿ. ಆರು ಜನ ದಾಟಿದರೆ ಇಬ್ಬರೇ ಮಾತಾಡ್ತಾರೆ, ಉಳಿದವರು ಮರೆಯಾಗ್ತಾರೆ. ಭಾನುವಾರ ಪ್ರಸಂಗವಾದ ಭಾಗವನ್ನೇ ಮೂರು ಸಲ ಗಟ್ಟಿಯಾಗಿ ಓದಿ, ಪ್ರತಿಯೊಬ್ಬರೂ ಒಂದೇ ಒಂದು ಕೆಲಸ ಬರೆಯಲಿ. 'ಇನ್ನೂ ಪ್ರೀತಿಯಿಂದ ಇರ್ತೀನಿ' ಅಂತ ಬರೆದರೆ ಆಯಿತೋ ಇಲ್ಲವೋ ತಿಳಿಯಲ್ಲ. 'ಶನಿವಾರದೊಳಗೆ ಅವನ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ' ಅಂತಿರಲಿ. ಮುಂದಿನ ಬುಧವಾರ ಮೊದಲು ಅದನ್ನೇ ಕೇಳಿ. ಈ ಕೇಳುವುದನ್ನು ಎರಡು ವಾರ ಬಿಟ್ಟರೆ ಗುಂಪು ಮತ್ತೆ ಪ್ರಸಂಗದ ಕೂಟವೇ ಆಗುತ್ತೆ.

ನಿವೃತ್ತ ಸಭಾಪಾಲಕ: ಸಿಸ್ಟರ್ ಹೇಳಿದ್ದು ಸರಿ. ಆದರೆ ಇದನ್ನು ಓದಿ ಯಾರೂ ಸಭೆ ಬಿಡಬಾರದು. ಕರ್ತನ ಭೋಜನವನ್ನು (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಮನೆಯಲ್ಲಿ ಒಬ್ಬರೇ ಕೂತು ಆಚರಿಸಲಾಗದು. ಇಬ್ರಿಯ 10:25 ಕೂಡಿಬರುವುದನ್ನು ಬಿಡಬೇಡಿ ಅನ್ನುತ್ತೆ, ಅದರ ಹಿಂದಿನ ವಚನ ಯಾತಕ್ಕೆ ಅಂತಲೂ ಹೇಳುತ್ತೆ: ಪ್ರೀತಿಗೂ ಸತ್ಕಾರ್ಯಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಲು. ಸಾಲಾಗಿ ಕೂತು ಮುಂದಿನವರ ಬೆನ್ನು ನೋಡ್ತಾ ಅದು ಆಗಲ್ಲ. ಒಂದು ಎಚ್ಚರಿಕೆ: ಗುಂಪಿನಲ್ಲಿ ಹೇಳಿಕೊಂಡದ್ದು ಪ್ರಾರ್ಥನಾ ವಿನಂತಿಯ ಹೆಸರಲ್ಲಿ ವಾಟ್ಸಾಪ್‌ಗೆ ಹೋದರೆ ಮತ್ತೆ ಯಾರೂ ಬಾಯಿ ಬಿಡಲ್ಲ. ಗುಂಪಿನ ಮಾತು ಹೊರಗೆ ಹೋಗಬಾರದು ಅಂತ ಮೊದಲ ದಿನವೇ ಗಟ್ಟಿ ಮಾಡಿ.

ಮಂಡ್ಯ ಯುವಕೂಟ: ಬೆಳೆದಿದ್ದಾರೆ ಅಂತ ತಿಳಿಯೋದು ಹೇಗೆ ಅಯ್ಯನವರೇ?

ನಿವೃತ್ತ ಸಭಾಪಾಲಕ: ಹಾಜರಿ ಪುಸ್ತಕದಲ್ಲಿ ಸಿಗಲ್ಲ. ಗಲಾತ್ಯ 5:22-23ರ ಒಂಬತ್ತು ಗುಣಗಳಲ್ಲಿ ದೀರ್ಘಶಾಂತಿ (ತಾಳ್ಮೆ), ಶಮೆದಮೆ (ತನ್ನನ್ನು ತಾನು ಹತೋಟಿಯಲ್ಲಿಡುವುದು) ಎರಡನ್ನು ಹಿಡಿದು ಅವರ ತಾಯಿಯನ್ನೋ ಹೆಂಡತಿಯನ್ನೋ ಆರು ತಿಂಗಳಿಗೊಮ್ಮೆ ವಿಚಾರಿಸಿ. ಮೈಕ್ ವಿಷಯಕ್ಕೆ ಯಾಕೋಬನ ಪತ್ರದಿಂದ ಶುರು ಮಾಡಿ. ಐದೇ ಅಧ್ಯಾಯ, 108 ವಚನ. ವಾರಕ್ಕೆ ಹತ್ತು ಹನ್ನೆರಡು ವಚನ ಸಾಕು, 3ನೇ ಅಧ್ಯಾಯಕ್ಕೆ ಮಾತ್ರ ಮೂರು ವಾರ ಕೊಡಿ. ನಾಲಿಗೆಯ ವಿಷಯ ಇರುವುದು ಅಲ್ಲೇ.